ಬಿಜಲಿಗೆ ಬಿದ್ದ ಕಣ್ಣು ಯಾರದು?

ಎಮ್ಮೆ ಬಿಜಲಿ ಬೆಳಗಿನ ಮೇವಿಗೆ, ಜೋಳದ ಒಣ ಕಣಕಿಗೆ, ಮೂತಿ ತಿರುಗಿಸಿದ ಕ್ಷಣವೇ ಅಂಬಮ್ಮನ ಮಟ್ಟಿಗೆ ಕೇಸು ಬಗೆಹರಿದು ಹೋಯಿತು. ಇದು ರೋಗವಲ್ಲ, ರುಜಿನವಲ್ಲ. ಇದು ಪಕ್ಕದ ಮನೆಯ ಪುತಳಾಬಾಯಿಯ ಕಣ್ಣು.

ಸಾಕ್ಷಿ ಬೇಕೆ? ಇತ್ತು. ನಿನ್ನೆ ಎಳ್ಳ ಅಮಾವಾಸ್ಯೆ. ಕಮಲಾಪುರಕ್ಕೆ ಕಮಲಾಪುರವೇ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿತ್ತು. ಪೂಜೆ ಮಾಡಿ, ಎಡೆಯನ್ನು ಹೊಲಕ್ಕೆಲ್ಲ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಸೊಪ್ಪು-ಕಾಳಿನ ಬಜ್ಜಿ, ಕಡುಬು, ಹುಗ್ಗಿ ಉಂಡು, ಹೊಟ್ಟೆ ಸವರಿಕೊಳ್ಳುತ್ತ ಎಲ್ಲರೂ ಮನೆ ಸೇರಿದ ಸಂಜೆ, ಪುತಳಾಬಾಯಿ ಗಿಡ್ಡ ಗೋಡೆಯ ಆಚೆಯಿಂದ ಕತ್ತು ಚಾಚಿ ಅಂದಿದ್ದಳು.

“ಅಂಬಕ್ಕಾ, ಏನ್ ಮಿಂಚಾಕತ್ತದ ಬೇ ನಿನ್ನ ಎಮ್ಮಿ! ಮನ್ಯಾಗ ಕನ್ನಡಿ ಯಾಕ ಬೇಕು? ಇದರ ಮೈ ನೋಡ್ಕೊಂಡೇ ತಲಿ ಬಾಚ್ಕೋಬಹುದು.”

ಬಾಚಿಕೊಂಡು ಹೋಗಿದ್ದರೆ ಅಂಬಮ್ಮ ಬೇಡ ಅನ್ನುತ್ತಿರಲಿಲ್ಲ. ಹೊಗಳಿ ಹೋದಳು. ಬೆಳಗಾಗುವುದರಲ್ಲಿ ಎಮ್ಮೆ ನೆಲ ಹಿಡಿದಿತ್ತು.

ಕೊಟ್ಟಿಗೆಯಲ್ಲಿ ಬಿಜಲಿ ಕತ್ತನ್ನು ಪಕ್ಕೆಗೆ ಒರಗಿಸಿ ಮಲಗಿತ್ತು. ಎಡಗಡೆಯ ಹೊಟ್ಟೆ ಊದಿಕೊಂಡಿತ್ತು. ಕಣ್ಣು ಗುಳಿ ಬಿದ್ದಿದ್ದವು. ಮೆಲುಕು ಹಾಕುವ ಬಾಯಿ ಸುಮ್ಮನಿತ್ತು, ನಡುನಡುವೆ ಹಲ್ಲು ಮಾತ್ರ ಕಟಕಟ ಕಡಿಯುತ್ತಿತ್ತು. ಕರು ಬಂದು ಕೆಚ್ಚಲಿಗೆ ಗುದ್ದಿದರೂ ತಲೆ ಎತ್ತಲಿಲ್ಲ.

ಬಿಜಲಿ ಎಂದು ಹೆಸರಿಟ್ಟವನು ಅಂಬಮ್ಮನ ಮಗ ದೇವಾನಂದ. ಕಮಲಾಪುರದಿಂದ ಕಲಬುರಗಿಗೆ ಟಂಟಂ ಆಟೋ ಓಡಿಸುತ್ತಾನೆ, ಸಿನಿಮಾ ನೋಡುತ್ತಾನೆ, ಉಳಿದ ಹೊತ್ತಿನಲ್ಲಿ ಸಿನಿಮಾದಂತೆಯೇ ಮಾತಾಡುತ್ತಾನೆ. ಎಮ್ಮೆಯ ಹೆಸರು ಬಿಜಲಿ, ಅಂದರೆ ಮಿಂಚು, ನಡಿಗೆ ಮಾತ್ರ ಕಚೇರಿಯ ಫೈಲಿನದು. ಆದರೆ ಅದು ಅವನ ಎಮ್ಮೆಯೂ ಅಲ್ಲ, ಅಂಬಮ್ಮನದೂ ಅಲ್ಲ. ಸೊಸೆ ಭಾಗ್ಯಳದು. ಶರಣಸಿರಸಗಿಯಲ್ಲಿ ಭಾಗ್ಯಳ ತಾಯಿ ತನ್ನ ಕೈಯಾರೆ ಸಾಕಿದ ಕೊನೆಯ ಕರು. ತಾಯಿ ಹೋದ ಮೇಲೆ ಭಾಗ್ಯ ತವರಿನಿಂದ ಬೇರೇನೂ ಕೇಳಲಿಲ್ಲ. ಇದೇ ಟಂಟಂನಲ್ಲಿ ಕರುವನ್ನು ಮಡಿಲಿಗೆ ಹಾಕಿಕೊಂಡು ಬಂದಿದ್ದಳು.

ಈಗ ಭಾಗ್ಯ ಬಿಜಲಿಯ ಕಿವಿ ಹಿಡಿದು ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅಂಬಮ್ಮ ಬೈದು ಸುಮ್ಮನಾಗಿಸುತ್ತಿದ್ದಳು. ಅಳದೆ ಕೂತವಳಿಗೆ ಏನೆಂದು ಬೈಯುವುದು?

ದೇವಾನಂದ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಎಂಟ್ರಿ ಕೊಟ್ಟ.

“ಯಾರಲೇ ಅಂವ? ನಮ್ಮ ಬಿಜಲಿ ಮೈ ಮುಟ್ಟಿದಂವ ಯಾರು? ಅದನ್ನ ಮುಟ್ಟೋಕಿಂತ ಮೊದಲು ಈ ದೇವಾನಂದನ ದಾಟಿ ಹೋಗಬೇಕಿತ್ತು!”

“ನೀ ಗೊರಕಿ ಹೊಡಿಯಾಕತ್ತಿದ್ದಿ. ದಾಟೇ ಹೋಗ್ಯಾರ,” ಅಂದಳು ಅಂಬಮ್ಮ. “ಹೋಗು, ಒಲಿ ಹಚ್ಚು. ದೃಷ್ಟಿ ತೆಗಿಬೇಕು.”

ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದ್ದೇ ತಡ, ಘಾಟು ಎದ್ದಿತು. ದೇವಾನಂದ ಕೆಮ್ಮಿದ. ಅವನ ಅಪ್ಪ ಸೂಗಪ್ಪ ಕೆಮ್ಮಿದ. ಗೋಡೆಯಾಚೆ ಪುತಳಾಬಾಯಿಯೂ ಕೆಮ್ಮಿದಳು.

“ಕೇಳಿದ್ರೇನು? ಕೆಮ್ಮಿದಳು! ಸಿಕ್ಕಿಬಿದ್ದಳು!” ಅಂದಳು ಅಂಬಮ್ಮ.

“ಯವ್ವಾ, ಘಾಟು ಬಂದ್ರ ದೃಷ್ಟಿ ಇಲ್ಲಂತ ಅರ್ಥ. ನೀನ ಹೇಳ್ತಿದ್ದಿ.”

“ಅದು ಸಣ್ಣ ದೃಷ್ಟಿಗಿ. ಇದು ಭಾಳ ದೊಡ್ಡದು.”

ಅಷ್ಟರಲ್ಲಿ ದೇವಾನಂದನ ಮೊಬೈಲು ಬಡಿದುಕೊಂಡಿತು. ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ಅಂಬಮ್ಮನ ಮಗಳು ಐಶ್ವರ್ಯಾ. ನಿನ್ನೆ ಗಂಡನ ಜೊತೆ ಕಾರಿನಲ್ಲಿ ಬಂದು, ಹೊಲದಲ್ಲಿ ಉಂಡು, ಸಂಜೆ ಮರಳಿ ಹೋಗಿದ್ದಳು. ವಿಡಿಯೋ ಕಾಲಿನಲ್ಲಿ ಎಮ್ಮೆಯನ್ನು ನೋಡಿದ್ದು ಎರಡು ಉಸಿರಿನಷ್ಟು ಹೊತ್ತು.

“ಯವ್ವಾ, ಇದು ಗಳಲೆ ರೋಗನ ನೋಡು. ಗಂಟಲಾ ಬಾತು ದನಾ ಪಟ್ಟನೆ ಹೋಗಿಬಿಡ್ತಾವ. ನಾ ಒಂದು ವಿಡಿಯೋ ನೋಡೀನಿ. ಕರು ದೂರ ಕಟ್ರಿ, ಎತ್ತು ದೂರ ಕಟ್ರಿ, ನೀವೂ ದೂರ ನಿಂದ್ರಿ!”

ಸೂಗಪ್ಪನದು ಬೇರೆಯೇ ಕಥೆ. “ರೋಗಲ್ಲ, ಗೀಗಲ್ಲ. ಹತ್ತಿ ಹುಳಕ್ಕ ಹೊಡಿಯೋ ಎಣ್ಣಿ ಯಾರೋ ನೀರಾಗ ಹಾಕ್ಯಾರ. ಇದು ವಿಷ.”

ಅಂಬಮ್ಮನದು ಕಣ್ಣು, ಐಶ್ವರ್ಯಾಳದು ರೋಗ, ಸೂಗಪ್ಪನದು ವಿಷ. ಒಬ್ಬೊಬ್ಬರು ಒಂದೊಂದು ಪಿಕ್ಚರ್ ಓಡಿಸುತ್ತಿದ್ದರು. ಎಮ್ಮೆಯನ್ನು ನೋಡುತ್ತಿದ್ದವಳು ಭಾಗ್ಯ ಒಬ್ಬಳೇ.

“ಅತ್ತೀ,” ಅಂದಳು ಮೆಲ್ಲಗೆ, “ಡಾಕ್ಟರಿಗಿ ಕರೀನು.”

“ಡಾಕ್ಟರ್ ಬಂದು ಏನ್ ಮಾಡ್ತಾರ? ಎಲ್ಲಿ ನೋಯ್ತದ, ಏನ್ ಆಗ್ಯದ ಅಂತ ಎಮ್ಮಿ ಎದ್ದು ಹೇಳ್ತದೇನು? ಮಾತಾಡೋ ಮನಷಾರ ಬ್ಯಾನಿನ ಅವರಿಗಿ ಲಗೂ ತಿಳಿಯಂಗಿಲ್ಲ. ಅಮೋಘಪ್ಪ ಮಾಮಾಗ ಹೇಳಿ ಕಳ್ಸೀನಿ. ಬರಿ ಹಾಕ್ತಾನ, ಎದ್ದು ಕುಂದರ್ತದ.”

ಬರೆ ಎಂದರೆ ಕಾದ ಕಬ್ಬಿಣ. ಭಾಗ್ಯಳ ಕೈ ಎಮ್ಮೆಯ ಕಿವಿಯ ಮೇಲೆ ಬಿಗಿಯಾಯಿತು. ಆದರೆ ಅತ್ತೆಗೆ ಎದುರಾಡುವ ಸೊಸೆ ಅವಳಲ್ಲ. ಎದುರಾಡುವವರು ಬೇರೆ ಇದ್ದರು, ಗೋಡೆಯ ಮೇಲೆ ಆಗಲೇ ಅವರ ತಲೆ ಕಾಣಿಸಿಕೊಂಡಿತ್ತು.

“ಅಂಬಕ್ಕಾ, ಏನಾಗ್ಯದ ಬೇ ಬಿಜಲಿಗಿ? ನಾ ಬಂದು ನೋಡ್ತೀನಿ, ತಡಿ.”

“ನೀ ಅಲ್ಲೇ ನಿಂದ್ರು ಪುತಳಾ! ನಿನ್ನೆ ನೋಡಿದ್ದ ಸಾಕಾಗ್ಯದ. ಇವತ್ತ ಗೋಡಿ ದಾಟಿದ್ರ ನೋಡು!”

ಪುತಳಾಬಾಯಿಗೆ ಮೊದಲು ಅರ್ಥವಾಗಲಿಲ್ಲ. ಒಲೆಯ ಬಳಿ ಸುಟ್ಟ ಮೆಣಸಿನಕಾಯಿ ಕಂಡಾಗ ಅರ್ಥವಾಯಿತು. ಮುಖ ಸಪ್ಪಗಾಯಿತು. ಇಬ್ಬರೂ ಒಂದೇ ಮಹಿಳಾ ಸಂಘದವರು, ಒಂದೇ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿದವರು. ಸಂಘದ ಸಭೆಗೆ ಪಶು ಡಾಕ್ಟರು ಬಂದು ಮಾತಾಡಿದ ದಿನ ಅಂಬಮ್ಮ ತೂಕಡಿಸಿ ಒರಗಿದ್ದೂ ಪುತಳಾಬಾಯಿಯ ಹೆಗಲಿಗೇ. ಬೇರೆ ಯಾರಾದರೂ ಆಗಿದ್ದರೆ ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದರು. ಪುತಳಾಬಾಯಿ ಸೆರಗಿನಿಂದ ಮೊಬೈಲು ತೆಗೆದಳು.

“ನಾ ದಾಟಂಗಿಲ್ಲ ಬಿಡವ್ವಾ. ನನ್ನ ಫೋನ್ ದಾಟ್ತದ,” ಎನ್ನುತ್ತ ೧೯೬೨ ಒತ್ತಿದಳು. “ಹಲೋ, ಪಶು ಅಂಬುಲೆನ್ಸ್ ಏನ್ರಿ? ಕಮಲಾಪುರದಾಗ ಒಂದು ಎಮ್ಮಿ ನೆಲಾ ಹಿಡದದ್ರಿ. ಹೊಟ್ಟಿ ಉಬ್ಬ್ಯದ, ಮೆಲುಕು ಹಾಕಾಕತ್ತಿಲ್ರಿ. ಹ್ಞೂಂ ರೀ, ಕರು ಅದ. ಲಗೂ ಬರ್ರಿ.”

“ನನ್ನ ಎಮ್ಮಿಗಿ ನೀ ಯಾಕ ಫೋನ್ ಮಾಡ್ತಿ?”

“ಎಮ್ಮಿ ನಿಂದಲ್ಲ, ಭಾಗ್ಯಾಂದು. ಅಕಿ ಮುಖಾ ನೋಡಿ ಮಾಡೀನಿ.”

ಅಂಬಮ್ಮ ಕೆಲಸಕ್ಕೆ ಇಳಿದಳು. ಹುಳಿ ಮಜ್ಜಿಗೆಗೆ ಎಣ್ಣೆ ಬೆರೆಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಎಮ್ಮೆಗೆ ಕುಡಿಸಲು ತಯಾರು ಮಾಡಿದಳು. ಊರಿನ ದನಗಳಿಗೆ ಬರೆ ಹಾಕುವ ಅಮೋಘಪ್ಪನೂ ಬಂದ. ಬಿಳಿ ರುಮಾಲು, ಕೈಯಲ್ಲಿ ಕೊಕ್ಕೆಯಂತೆ ಬಾಗಿದ ಕಬ್ಬಿಣದ ಸಲಾಕೆ. ಒಲೆಯಲ್ಲಿ ಇಟ್ಟ. ತುದಿ ಕೆಂಪೇರತೊಡಗಿತು.

“ಅಪ್ಪಾ,” ಅಂದ ದೇವಾನಂದ ಸಣ್ಣ ದನಿಯಲ್ಲಿ, “ಇಂಟರ್‌ವಲ್‌ಕಿಂತ ಮೊದಲ ಹೀರೋಯಿನ್‌ಗಿ ಹಿಂಗ ಮಾಡಿದ್ರ ಪಬ್ಲಿಕ್ ಕುರ್ಚಿ ಮುರಿತಾರ.”

ಭಾಗ್ಯ ಎಮ್ಮೆಯ ಮೈಮೇಲೆ ಅಡ್ಡ ಬಿದ್ದಂತೆ ಕೂತಿದ್ದಳು.

ಸಲಾಕೆ ಒಲೆಯಿಂದ ಹೊರಬರುವುದಕ್ಕೂ ಬಾಗಿಲ ಮುಂದೆ ವ್ಯಾನು ಹಾರ್ನ್ ಹೊಡೆಯುವುದಕ್ಕೂ ಸರಿಹೋಯಿತು. ಹಿನ್ನೆಲೆ ಸಂಗೀತ ಒಂದು ಬಾಕಿ.

ಇಳಿದವರು ಡಾಕ್ಟರ್ ಮರಿಯಮ್. ಕಲಬುರಗಿಯವರು. ಗಂಬೂಟು, ಕೈಯಲ್ಲಿ ಪೆಟ್ಟಿಗೆ, ತಲೆಯ ಮೇಲೆ ದುಪಟ್ಟಾ. ಕಣ್ಣು ನೇರ ಸಲಾಕೆಯ ಮೇಲೆ ಬಿತ್ತು.

“ಅರೇ ಅಮ್ಮಾ, ನಾನು ಬರೋದ್ರೊಳಗ ಚಹಾಕ್ಕ ಒಲಿ ಹಚ್ಚೀರಿ ಅಂದ್ಕೊಂಡಿನ್ರಿ. ಇದೇನ್ರಿ?”

“ಬರಿ ರೀ,” ಅಂದ ಅಮೋಘಪ್ಪ.

“ಕಾಕಾ, ಅದಕ್ಕ ಮೊದಲೇ ನೋವದ. ಮ್ಯಾಲ ಸುಟ್ಟ ಗಾಯಾನೂ ಕೊಟ್ರ ಎರಡೂ ಸಂಭಾಳಿಸಬೇಕು. ಜರಾ ಪಕ್ಕಕ್ಕ ಇಡ್ರಿ, ಅದರ ಕೆಲಸ ಆಮ್ಯಾಲ ಹೇಳ್ತೀನಿ.” ಗೊಟ್ಟ ಮೂಸಿ ನೋಡಿದರು. “ಮಜ್ಜಿಗಿ, ಎಣ್ಣಿ? ಇದು ಬ್ಯಾಡ. ಮಲಗಿದ ದನಕ್ಕ ಬಾಯಿ ತೆಗ್ಸಿ ಸುರುವಿದ್ರ ಹೊಟ್ಟಿಗಿ ಹೋಗೋದ್ರ ಬದ್ಲಿ ಶ್ವಾಸಕೋಶಕ್ಕ ಹೋಗ್ತದ.”

ಅಂಬಮ್ಮ ಗೊಟ್ಟವನ್ನು ಬೆನ್ನ ಹಿಂದೆ ಹಿಡಿದುಕೊಂಡಳು. “ಮೇಡಂ, ನೀವು ಏನರೆ ಹೇಳ್ರಿ. ಇದು ದೃಷ್ಟಿ.” ಗೋಡೆಯ ಕಡೆ ನೋಡುತ್ತ ಇನ್ನಷ್ಟು ಜೋರಾಗಿ ಅಂದಳು, “ಯಾರದು ಅಂತನೂ ಗೊತ್ತದ.”

ಡಾಕ್ಟರು ನಕ್ಕರು. “ಸಿನಿಮಾದಾಗ ಮೊದಲನೇ ಸೀನ್‌ನಾಗ ಯಾರ ಮ್ಯಾಲ ಡೌಟ್ ಬರ್ತದ, ಅವರು ವಿಲನ್ ಇರಂಗಿಲ್ರಿ ಅಮ್ಮಾ.”

ದೇವಾನಂದ ಬಾಯಿ ತೆರೆದ. ತನ್ನ ಭಾಷೆ ಮಾತಾಡುವ ಡಾಕ್ಟರು! “ಮೇಡಂ, ಹಂಗಾದ್ರ ವಿಲನ್ ಯಾರು?”

“ತಡೀರಿ, ತನಿಖೆ ಆಗ್ಲಿ.”

ತನಿಖೆ ಶುರುವಾಯಿತು. ಮೊದಲು ಎಮ್ಮೆಯ ಹಿಂಭಾಗದಲ್ಲಿ ಥರ್ಮಾಮೀಟರ್. ತೆಗೆದು ಬೆಳಕಿಗೆ ಹಿಡಿದರು. “ಜ್ವರ ಇಲ್ಲ. ಮೈ ಇರಬೇಕಾದ್ದಕ್ಕಿಂತ ಸ್ವಲ್ಪ ತಣ್ಣಗೇ ಅದ.” ಗಂಟಲು ಮುಟ್ಟಿದರು. ಬಾಯಿ ಬಿಡಿಸಿ ನಾಲಿಗೆ ನೋಡಿದರು. ಗೊರಸಿನ ಸಂದಿಯಲ್ಲಿ ಬೆರಳಾಡಿಸಿದರು. ಚರ್ಮದ ಮೇಲೆ ಕೈಯಾಡಿಸಿದರು. ಆಮೇಲೆ ಎದ್ದು ಹೋಗಿ ಎತ್ತುಗಳನ್ನು ನೋಡಿದರು. ಎತ್ತುಗಳು ಡಾಕ್ಟರನ್ನು ನೋಡುತ್ತ ಕಣಕಿ ಜಗಿಯುತ್ತಿದ್ದವು.

“ಫೋನಿನಾಗ ಮಗಳು ಗಳಲೆ ಅಂದಾಳ್ರಿ,” ಅಂದ ಸೂಗಪ್ಪ.

“ನಾನ್ರಿ ಮೇಡಂ,” ಎಂದಿತು ದೇವಾನಂದನ ಜೇಬು. ಐಶ್ವರ್ಯಾ ಇನ್ನೂ ಲೈನಿನಲ್ಲೇ ಇದ್ದಳು.

“ಗಳಲೆ ಇದ್ರ ಮೈ ಕೆಂಡದಂಗ ಸುಡ್ತದ್ರಿ. ಗಂಟಲಾ ಬಾಯ್ತದ, ಉಸುರು ಗೊರಗೊರ ಅಂತದ. ಕಾಲುಬಾಯಿ ಬ್ಯಾನಿ ಆದ್ರ ಬಾಯಾಗ, ಗೊರಸಿನಾಗ ಹುಣ್ಣು. ಚರ್ಮಗಂಟು ಆದ್ರ ಮೈಮ್ಯಾಲ ಗಂಟು. ಇಲ್ಲಿ ಯಾವ್ದೂ ಇಲ್ಲ. ಹರಡೋ ರೋಗ ಬಹಳ ಸಲ ಒಂದನ್ನ ಹಿಡದು ಸುಮ್ನಿರಂಗಿಲ್ಲ, ಪಕ್ಕದಾಗಿಂದಕ್ಕೂ ಹೋಗ್ತದ. ಇಲ್ಲಿ ಎತ್ತು ಛಂದ ಮೇಯಾಕತ್ತಾವ. ಹಂಗಂತ ನಾ ಬಾಯಿ ಮಾತಿಗಿ ಬಿಡಂಗಿಲ್ಲ. ರಕ್ತ ತಗೊಂಡು ಕಲಬುರಗಿ ಲ್ಯಾಬಿಗಿ ಕಳಸ್ತೀನಿ.”

“ನಾ ಹೇಳಿದ್ನೆಲ್ಲೋ?” ಸೂಗಪ್ಪ ಎದೆ ಉಬ್ಬಿಸಿದ. “ವಿಷ!”

“ಎಣ್ಣಿ ಹೊಡ್ದ ಮೇವು ತಿಂದಿದ್ರ ಜೊಲ್ಲು ಸುರೀತಿತ್ತು ಮಾಮಾ, ಮೈ ನಡುಗ್ತಿತ್ತು, ಕಣ್ಣಿನ ಪಾಪಿ ಸಣ್ಣಗ ಆಗ್ತಿತ್ತು. ಎಳೀ ಜೋಳದ ಸುಳಿ ತಿಂದಿದ್ರ ಒದ್ದಾಡಿ ನಿಮ್ಮ ಕಣ್ಣ ಮುಂದನ ಹೋಗ್ತಿತ್ತು, ನನಗ ಫೋನ್ ಮಾಡೋ ಪುರಸೊತ್ತೂ ಸಿಗ್ತಿದ್ದಿಲ್ಲ. ಈಗ ಹೇಳ್ರಿ, ನಿನ್ನೆಯಿಂದ ಇದು ಏನ್ ತಿಂದದ?”

“ಕಣಕಿ,” ಅಂದ ಸೂಗಪ್ಪ.

“ಕಣಕಿ ರೀ,” ಅಂದ ದೇವಾನಂದ.

“ಕಣಕಿ,” ಅಂದಳು ಭಾಗ್ಯ, ನೆಲ ನೋಡುತ್ತ.

“ದಿನಾ ತಿನ್ನೋದು ಏನದ ಅದೇ ರೀ, ಕಣಕಿ,” ಅಂದಳು ಅಂಬಮ್ಮ. ಅಂದು ಮುಖವನ್ನು ಎಮ್ಮೆಯಿಂದ ಆಚೆ ತಿರುಗಿಸಿದಳು.

ಡಾಕ್ಟರು ಎಡಹೊಟ್ಟೆಯ ಮೇಲೆ ಮುಷ್ಟಿ ಇಟ್ಟು ಒತ್ತಿದರು. ಒಳಗಿನಿಂದ ಕೊಡದಲ್ಲಿ ನೀರು ಅಲುಗಿದಂತೆ ಗುಳುಗುಳು ಸದ್ದು ಬಂತು. ಹಿಂದೆ ಬಿದ್ದ ಸಗಣಿಯನ್ನು ಕಡ್ಡಿಯಿಂದ ಕೆದಕಿದರು. ತೆಳ್ಳಗೆ ನೀರಾಗಿತ್ತು, ಹುಳಿ ವಾಸನೆ ಮೂಗಿಗೆ ಹೊಡೆಯಿತು. ಕಡ್ಡಿಯ ತುದಿಯಲ್ಲಿ ಏನೋ ಎತ್ತಿ ಹಿಡಿದರು.

“ಅವರಿಕಾಳಿನ ಸಿಪ್ಪಿ. ನಿಮ್ಮ ಹೊಲದಾಗ ಕಣಕಿಗಿ ಅವರಿಕಾಳು ಬಿಡ್ತಾವೇನ್ರಿ?”

ನಾಲ್ವರೂ ಕಡ್ಡಿಯ ತುದಿಯನ್ನೇ ನೋಡಿದರು.

ಆಮೇಲೆ ಉದ್ದನೆಯ ನಳಿಗೆಯನ್ನು ಎಮ್ಮೆಯ ಬಾಯಿಂದ ಹೊಟ್ಟೆಗೆ ಮೆಲ್ಲಗೆ ಇಳಿಸಿ ಒಳಗಿನ ರಸ ತೆಗೆದರು. ಬಟ್ಟಲಿಗೆ ಬಿದ್ದದ್ದು ಹಾಲು ಬೆರೆಸಿದಂಥ ಬೂದು ನೀರು. ಅದರಲ್ಲಿ ಅನ್ನದ ಅಗುಳು ತೇಲುತ್ತಿದ್ದವು. ಸಣ್ಣದೊಂದು ಕಾಗದದ ಪಟ್ಟಿ ಅದ್ದಿದರು. ಪಟ್ಟಿ ಹಳದಿಗೆ ತಿರುಗಿತು.

“ಹೊಟ್ಟಿ ಪೂರ್ತಿ ಹುಳಿ ಹಿಡದದ,” ಅಂದರು ಡಾಕ್ಟರು. ಈಗ ಅವರ ದನಿಯಲ್ಲಿ ನಗೆ ಇರಲಿಲ್ಲ. “ನೋಡ್ರಿ ಅಮ್ಮಾ, ಎಮ್ಮಿ ಮಾತಾಡಂಗಿಲ್ಲ ಅಂತ ನಮಗೂ ಗೊತ್ತದ. ಅದಕ್ಕ ನಿಮ್ಮನ್ನ ಕೇಳೋದು. ಅದರ ಬಾಯಿ ನೀವೇ. ಏನ್ ತಿಂದದ, ಎಷ್ಟು ತಿಂದದ ಅಂತ ಖರೆ ಹೇಳಿದ್ರ ನನಗ ಔಷಧದ ದಾರಿ ಸಿಗ್ತದ. ಬೈಯಂಗಿಲ್ಲ. ಆದ್ರ ಈಗ ಹೇಳ್ಲಿಲ್ಲಂದ್ರ ಸಂಜಿತನಾ ಉಳಿಯೋದು ಕಠಿಣ ಅದ.”

ಭಾಗ್ಯಳ ಕಣ್ಣಿಂದ ಆಗ ನೀರು ಇಳಿಯಿತು.

“ನಾನು... ಹೊಲದಿಂದ ಬಂದ ಮ್ಯಾಲ ಉಳದ ಅನ್ನ ಹಾಕೀನ್ರಿ. ಒಂದು ಬುಟ್ಟಿ. ನಮ್ಮವ್ವ ಇದ್ದಾಗ ಹಬ್ಬಕ್ಕ ದನಕ್ಕ ಒಂದು ತುತ್ತು ಇಡ್ತಿದ್ಲು. ನಾ ಪ್ರೀತಿಲಿಂದ ಬುಟ್ಟಿನ ಇಟ್ಟೀನಿ.”

ದೇವಾನಂದ ತಲೆ ಕೆರೆದುಕೊಂಡ. ಡೈಲಾಗು ಯಾವುದೂ ಸಹಾಯಕ್ಕೆ ಬರಲಿಲ್ಲ. “ಹುಗ್ಗಿ ಕೊಳಗದಾಗ ತಳದಾಗ ಬಹಳ ಉಳದಿತ್ರಿ. ಯಾರು ತಿನ್ನಬೇಕಂತ ನಾ ಬಿಜಲಿ ಮುಂದ ಸುರುವೀನಿ. ಅದೂ ಬ್ಯಾಡ ಅನ್ಲಿಲ್ಲ.”

“ನಾ ಬರೇ ಸಜ್ಜಿ ರೊಟ್ಟಿ,” ಅಂದ ಸೂಗಪ್ಪ. “ಬರೇ ಅಂದ್ರ... ಬುಟ್ಟ್ಯಾಗ ಇದ್ದವಷ್ಟು.”

ಜೇಬಿನೊಳಗಿನಿಂದ ಸಣ್ಣ ದನಿ ಬಂತು. “ಅಣ್ಣಾ, ಸ್ಪೀಕರ್‌ಗಿ ಹಾಕೋ. ಮೇಡಂ, ನಾವು ಕಾರಿನಾಗ ಬರಬೇಕಾದ್ರ ಬಿಸ್ಕೀಟ್ ಪುಡಾ ತಂದಿದ್ವಿ. ನಮ್ಮನಿಯವರು ಎಮ್ಮಿಗಿ ತಿನಸ್ತ ಫೋಟೋ ತಕ್ಕೊಂಡಾರ್ರಿ. ಭಾಳ ಫೋಟೋ ತಕ್ಕೊಂಡಾರ.”

ಎಲ್ಲರೂ ಅಂಬಮ್ಮನ ಕಡೆ ತಿರುಗಿದರು. ಅವಳು ಮನೆಯ ಯಜಮಾನತಿ. ಸೊಸೆ ಅತ್ತು ಒಪ್ಪಿಕೊಂಡಳು, ಮಗ ತಲೆ ತಗ್ಗಿಸಿದ, ಗಂಡ ಮೀಸೆ ತಗ್ಗಿಸಿದ. ಇವಳು ಮಾತ್ರ ಒಪ್ಪಿಕೊಳ್ಳುವುದು ಹೇಗೆ? ಬೆಳಗಿನಿಂದ ಗೋಡೆಯಾಚೆ ಬೆರಳು ತೋರಿಸಿ ತೋರಿಸಿ ಬೆರಳೇ ನೋಯುತ್ತಿತ್ತು. ಆದರೆ ಬಿಜಲಿ ಮತ್ತೊಮ್ಮೆ ಹಲ್ಲು ಕಡಿಯಿತು.

“ಕಡಬು,” ಅಂದಳು. “ನಾ ಕಡಬು ಹಾಕೀನ್ರಿ. ಒಂದು ಮೊರದಷ್ಟು. ಯಾರಿಗೂ ಹೇಳ್ಲಿಲ್ಲ. ಸೊಸಿ ನೋಡಿದ್ರ, ಅತ್ತಿ ಎಮ್ಮಿಗಿ ಮುದ್ದು ಮಾಡ್ತಾಳ ಅಂತ ನಗ್ತಾಳಂತ ಕದ್ದು ಹಾಕೀನಿ.”

ಭಾಗ್ಯ ಅತ್ತೆಯ ಮುಖ ನೋಡಿದಳು. ಬೆಳಗಿನಿಂದ ಅವಳ ಮುಖದಲ್ಲಿ ಮೊದಲ ಸಲ ನಗುವಿನಂಥದೊಂದು ಸುಳಿದು ಹೋಯಿತು.

“ಅಷ್ಟೇನಾ?” ಕೇಳಿದರು ಡಾಕ್ಟರು. “ಅವರಿಕಾಳು ಯಾರ ಲೆಕ್ಕಕ್ಕೂ ಬರ್ಲಿಲ್ಲಲ್ಲ?”

ಗೋಡೆಯಾಚೆ ಯಾರೋ ಗಂಟಲು ಸರಿಮಾಡಿಕೊಂಡರು.

“ಅದು... ಬಜ್ಜಿರೀ,” ಅಂದಳು ಪುತಳಾಬಾಯಿ. “ನಮ್ಮನ್ಯಾಗ ಅವರಿಕಾಳು ಹಾಕಿದ ಬಜ್ಜಿ ಉಳದಿತ್ತು, ಒಂದು ಪಾತೇಲಿ. ಚೆಲ್ಲೋದ್ರ ಬದ್ಲಿ ಅಂಬಕ್ಕನ ಎಮ್ಮಿಗಾದ್ರೂ ಆಗ್ಲಂತ ಗೋಡಿ ಮ್ಯಾಲಿಂದ ಬಗ್ಸೀನಿ. ಬಗ್ಸಿದ ಮ್ಯಾಲ ಅಂಬಕ್ಕ ಕಂಡ್ಲು, ಆಗ ಅಂದೆ, ಎಷ್ಟು ಮಿಂಚಾಕತ್ತದ ಅಂತ.”

ಮೊದಲು ನಕ್ಕವನು ಅಮೋಘಪ್ಪ.

“ಅಂಬವ್ವಾ, ಪುತಳಾಬಾಯಿದು ಕಣ್ಣು ಬಿದ್ದಿಲ್ಲ ಬಿಡು. ಬಜ್ಜಿ ಬಿದ್ದದ!”

“ಕ್ಲೈಮ್ಯಾಕ್ಸ್!” ಎಂದು ದೇವಾನಂದ ತೊಡೆ ತಟ್ಟಿದ. “ಮೇಡಂ, ವಿಲನ್ ಯಾರಂತ ಕೇಳಿದ್ನೆಲ್ಲ? ನಾವೇ ರೀ. ಫುಲ್ ಫ್ಯಾಮಿಲಿ!”

ಡಾಕ್ಟರು ಆಗಲೇ ಅಂಗಿಯ ತೋಳು ಮಡಚಿದ್ದರು. ಸಲೈನ್ ಬಾಟಲಿಗಳು ಹೊರಬಂದವು. ಸೂಜಿ ಚುಚ್ಚಿದ ಮೇಲೆ ಬಾಟಲಿ ನೇತುಹಾಕಲು ಜಾಗ ಹುಡುಕಿದರು.

“ಕಾಕಾ, ನಿಮ್ಮ ಸಲಾಕಿ ಆರ್‍ಯದೇನು? ಕೊಡ್ರಿ ಈಗ. ಕೊಕ್ಕಿ ಛಲೋ ಅದ.”

ಅಮೋಘಪ್ಪ ಸಲಾಕೆಯನ್ನು ನೀರಿಗೆ ಅದ್ದಿ, ಒರೆಸಿ, ತೊಲೆಯ ಸಂದಿಗೆ ತಾನೇ ಸಿಕ್ಕಿಸಿದ. ಎಷ್ಟೋ ದನಗಳ ಮೈ ಸುಟ್ಟ ಸಲಾಕೆ ಅಂದು ಮೊದಲ ಸಲ ಒಂದು ದನಕ್ಕೆ ನೀರು ಕೊಡುತ್ತ ನಿಂತಿತು. ಅವನೂ ಅದರ ಕೆಳಗೆ ಬಾಟಲಿ ಅಲುಗದಂತೆ ಕಾವಲು ನಿಂತ.

ಹುಳಿ ಮುರಿಯುವ ಸೋಡಾ ಪುಡಿಯನ್ನು ನೀರಿಗೆ ಕಲಸಿ ನಳಿಗೆಯಲ್ಲಿ ಇಳಿಸುತ್ತ ಡಾಕ್ಟರು ಹೇಳಿದರು.

“ಎಮ್ಮಿ ಹೊಟ್ಟಿ ನಮ್ಮ ಹೊಟ್ಟಿ ಹಂಗಲ್ರಿ. ಅದರಾಗ ಕಣ್ಣಿಗಿ ಕಾಣದ ಸಣ್ಣ ಸಣ್ಣ ಜೀವ ಅವ. ಹುಲ್ಲು, ಕಣಕಿ ಜೀರ್ಣ ಮಾಡೋರು ಅವರೇ. ಒಮ್ಮಿಗೇ ಅನ್ನ, ಹುಗ್ಗಿ, ಕಡಬು ಸುರುವಿದ್ರ ದ್ವಾಸಿ ಹಿಟ್ಟು ಉಕ್ಕಿದಂಗ ಒಳಗ ಹುಳಿ ಉಕ್ತದ. ಒಳ್ಳೇ ಜೀವ ಸಾಯ್ತಾವ, ಹುಳಿ ರಕ್ತಕ್ಕ ಏರ್ತದ, ದನ ನೆಲಾ ಹಿಡೀತದ. ಅದಕ್ಕ ನೀವು ಮ್ಯಾಲ ಹುಳಿ ಮಜ್ಜಿಗಿ ಕುಡಸಾಕ ಹೊಂಟಿದ್ರಿ!”

ಅಂಬಮ್ಮ ಗೊಟ್ಟವನ್ನು ಇನ್ನಷ್ಟು ಹಿಂದೆ ಸರಿಸಿದಳು.

“ಈಗ ಸತ್ತ ಜೀವದ ಜಾಗಕ್ಕ ಹೊಸಾವು ಬೇಕು. ಆರೋಗ್ಯ ಇದ್ದ ಇನ್ನೊಂದು ಎಮ್ಮಿ ಹೊಟ್ಟಿ ರಸ ತಗೊಂಡು ಇದಕ್ಕ ಕೊಡಬೇಕು. ನಿಮ್ಮನ್ಯಾಗ ಬರೇ ಎತ್ತು ಅವ. ಯಾರ ಮನ್ಯಾಗ ಎಮ್ಮಿ ಅದ?”

ಎಮ್ಮೆ ಇದ್ದದ್ದು ಗೋಡೆಯಾಚೆ.

ಅಂಬಮ್ಮ ಗೋಡೆಯ ಕಡೆ ನೋಡಿದಳು. ಪುತಳಾಬಾಯಿ ಆಚೆ ನಿಂತೇ ಇದ್ದಳು. ಬರಲೋ ಬೇಡವೋ ಎಂದು ಕೇಳಲಿಲ್ಲ. ಅಂಬಮ್ಮನೂ ಬಾ ಅನ್ನಲಿಲ್ಲ. ಸುಮ್ಮನೆ ಹೋಗಿ, ಎರಡು ಮನೆಗಳ ನಡುವಿನ ತಟ್ಟಿ ಬಾಗಿಲು ತೆಗೆದು, ಅದು ಮತ್ತೆ ಮುಚ್ಚದಂತೆ ಒಂದು ಕಲ್ಲು ಇಟ್ಟಳು.

ಪುತಳಾಬಾಯಿಯ ಎಮ್ಮೆ ಬಂತು. ಅದರ ಹೊಟ್ಟೆಯ ರಸ ಹಸಿರು ಹಸಿರಾಗಿತ್ತು. ಕಾಗದದ ಪಟ್ಟಿ ಅದ್ದಿದರೂ ಹಸಿರೇ. “ನೋಡ್ರಿ, ಇದು ಆರೋಗ್ಯ,” ಎಂದು ಡಾಕ್ಟರು ಹಳದಿ ಪಟ್ಟಿಯ ಪಕ್ಕ ಹಿಡಿದು ತೋರಿಸಿದರು. ಅಂಬಮ್ಮ ಎರಡನ್ನೂ ಕಣ್ಣು ಕಿರಿದು ಮಾಡಿ ನೋಡಿದಳು. ಓದು ಬಾರದ ಅವಳಿಗೂ ಆ ಎರಡು ಬಣ್ಣ ಓದಲು ಬಂತು.

ಡಾಕ್ಟರು ಹೊರಡುವ ಮುನ್ನ ಹೇಳಿದ್ದು ಇಷ್ಟು: ಕಾಳು, ಅನ್ನ, ಹಿಂಡಿ ಯಾವುದೂ ಈಗ ಬೇಡ, ಒಣ ಕಣಕಿ ಮಾತ್ರ. ನೀರು ಒಮ್ಮೆಗೇ ಬೇಡ, ಸ್ವಲ್ಪ ಸ್ವಲ್ಪ. ಕರುವಿಗೆ ಹಾಲು ಪುತಳಾಬಾಯಿಯ ಎಮ್ಮೆಯದು. “ನಾಳಿಗಿ ಮತ್ತ ಬರ್ತೀನಿ. ಮೆಲುಕು ಹಾಕಿದ್ರ ಗೆದ್ದೀವಿ ಅಂತ ತಿಳ್ಕೋರಿ.”

ಆಮೇಲೆ ಆ ಮನೆಯಲ್ಲಿ ನಡೆದದ್ದು ಒಂದೇ ಕೆಲಸ, ಎಮ್ಮೆಯ ದವಡೆ ನೋಡುವುದು. ಸೂಗಪ್ಪ ನೋಡಿದ. ದೇವಾನಂದ ಟಂಟಂ ಬಿಟ್ಟು ನೋಡಿದ. ಐಶ್ವರ್ಯಾ ಜೇವರ್ಗಿ ಕಾಲೋನಿಯಿಂದ ಫೋನಿನಲ್ಲಿ ನೋಡಿದಳು. ಅತ್ತೆ, ಸೊಸೆ ಒಂದೇ ಕಂಬಳಿಯ ಮೇಲೆ ಕೂತು ನೋಡಿದರು. ಬೆಳಗಿನ ಜಾವ ಬಿಜಲಿ ಮುಂಗಾಲು ಮಡಚಿತು, ಹಿಂಗಾಲು ಎತ್ತಿತು, ಒಮ್ಮೆ ಜೋಲಿ ಹೊಡೆದು ಎದ್ದು ನಿಂತಿತು. ಗಂಟಲಲ್ಲಿ ಒಂದು ಉಂಡೆ ಮೇಲೇರಿದ್ದು ಎಲ್ಲರಿಗೂ ಕಂಡಿತು. ದವಡೆ ಆಚೆ ಹೋಯಿತು, ಈಚೆ ಬಂತು.

“ಅತ್ತೀ!” ಅಂದಳು ಭಾಗ್ಯ.

“ಸುಮ್ನಿರು. ತಿನ್ಲಿ. ಮತ್ತ ದೃಷ್ಟಿ...” ಎಂದು ಶುರುಮಾಡಿದ ಅಂಬಮ್ಮ ಅರ್ಧಕ್ಕೇ ನುಂಗಿಕೊಂಡಳು.

ಲ್ಯಾಬಿನಿಂದಲೂ ಸುದ್ದಿ ಬಂತು. ಅಂಟುರೋಗ ಯಾವುದೂ ಇಲ್ಲ. ದೇವಾನಂದ ಅದನ್ನು ಟಂಟಂ ಹತ್ತಿದ ಪ್ರತಿಯೊಬ್ಬರಿಗೂ ಹೇಳಿದ, ಇಳಿದವರಿಗೂ ಹೇಳಿದ.

ಸಂಕ್ರಾಂತಿ ಬಂತು. ಮನೆ ತುಂಬ ಅಡಿಗೆ, ಮನೆ ತುಂಬ ಜನ. ಕೊಟ್ಟಿಗೆಯ ಬಾಗಿಲಲ್ಲಿ ಅಂಬಮ್ಮ ಬಾರುಕೋಲು ಹಿಡಿದು ಕುರ್ಚಿ ಹಾಕಿಕೊಂಡು ಕೂತಳು. ಅಳಿಯ ಬಿಸ್ಕೀಟ್ ಪುಡಾ ಹಿಡಿದು ಬಂದ.

“ಅಳಿಯಂದ್ರೇ, ಫೋಟೋ ತಕ್ಕೋರಿ. ಬಿಸ್ಕೀಟ್ ನೀವ ತಿನ್ರಿ,” ಅಂದಳು. ಭಾಗ್ಯ ಒಂದು ಹೋಳಿಗೆಯ ತುಣುಕು ತಂದಾಗ ಮಾತ್ರ ಕೋಲು ಸರಿಸಿ ದಾರಿ ಬಿಟ್ಟಳು. “ನಿಮ್ಮವ್ವ ಇಡ್ತಿದ್ದಷ್ಟೇ. ಒಂದು ತುತ್ತು.”

ಆಮೇಲೆ ಗೋಡೆಯ ಕಡೆ ತಿರುಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು.

“ಪುತಳಾ! ಏ ಪುತಳಾ! ಒಳಗೇನ್ ಮಾಡಾಕತ್ತಿ? ಬಾ ಇಲ್ಲಿ, ಬಿಜಲಿ ಎದ್ದು ನಿಂತದ. ಬಂದು ಹೊಗಳು!”

ಪುತಳಾಬಾಯಿ ಬಂದಳು. ಕೈ ಎರಡೂ ಮೇಲೆತ್ತಿ ತೋರಿಸಿದಳು, ಪಾತೇಲಿ ಇಲ್ಲ ಅಂತ. ಆಮೇಲೆ ಬಾಯಿ ತುಂಬ ಹೊಗಳಿದಳು. ಬಿಜಲಿ ಕಣಕಿ ಜಗಿಯುತ್ತ ಕೇಳಿಸಿಕೊಂಡಿತು. ಏನೂ ಆಗಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಕೊಟ್ಟಿಗೆಯ ಕಡೆ ಒಮ್ಮೆ ತಿರುಗಿ ನೋಡಿ. ಹಬ್ಬ ಮುಗಿದ ಮೇಲೆ ಉಳಿದದ್ದನ್ನು ನಿಮ್ಮ ಮನೆಯಲ್ಲೂ ಯಾರೋ ಪ್ರೀತಿಯಿಂದ ದನದ ಮುಂದೆ ಸುರಿಯುತ್ತಾರೆ, ಇನ್ನೊಬ್ಬರಿಗೆ ಹೇಳುವುದಿಲ್ಲ. ಹೇಳಿ. ದನ ಮೇವು ಬಿಟ್ಟರೆ, ಮೆಲುಕು ನಿಲ್ಲಿಸಿದರೆ, ಕಣ್ಣು, ಮಾಟ, ವಿಡಿಯೋ ಎಂದು ಹೊತ್ತು ಕಳೆಯಬೇಡಿ. ಬರೆ ಹಾಕಬೇಡಿ, ಬಾಯಿಗೆ ಏನೂ ಸುರಿಯಬೇಡಿ. ಮೈ ಬಿಸಿ ಇದೆಯೋ ಮುಟ್ಟಿ ನೋಡಿ, ಹೊಟ್ಟೆ, ಸಗಣಿ ಹೇಗಿದೆ ನೋಡಿ, ಪಕ್ಕದ ದನಗಳು ಮೇಯುತ್ತಿವೆಯೋ ನೋಡಿ. ಅಂಟುರೋಗದ ಅನುಮಾನ ಬಂದರೆ ಬೇರೆ ಕಟ್ಟಿ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ ೧೯೬೨ಕ್ಕೆ ಫೋನ್ ಹಚ್ಚಿ. ಡಾಕ್ಟರು ಬಂದು “ಏನ್ ತಿಂದದ?” ಎಂದು ಕೇಳಿದಾಗ, ದಯವಿಟ್ಟು “ಕಣಕಿ” ಅನ್ನಬೇಡಿ.

ಹೊಟ್ಟೆಯಲ್ಲಿ ಏನಿದೆ ಎಂದು ನಿಮ್ಮ ಎಮ್ಮೆ ಹೇಳಲಾರದು. ಹಾಕಿದವರು ನೀವು. ನೀವೇ ಹೇಳಿ.